ಹದಿನಾಲ್ಕನೆಯ ಕಲಮು

ನಾಸಿಕದ ಸಾತಪುರದ ಕಾರ್ಖಾನೆಯೊಂದರ ಪ್ರೆಸ್ಸಿನಡಿ ಸಿಕ್ಕಿ ಮನ್ಮಥಪ್ಪನ ಬಲಗೈಯ ನಾಲ್ಕು ಬೆರಳು ಹೋದವು. ಕಾರ್ಖಾನೆಯವರು ಮೂರು ವಾರದ ಪಗಾರ ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಮನೆ ನಡೆದದ್ದು ಅವನ ಹೆಂಡತಿ ಸಂಗಮ್ಮನ ಹೊಲಿಗೆ ಯಂತ್ರದಿಂದ. ರವಿಕೆ, ಲಂಗ, ಶಾಲೆಯ ಅಂಗಿ, ಓಣಿಯವರು ಏನು ತಂದರೂ ಹೊಲಿಯುತ್ತಿದ್ದಳು. ತುಳಿದು ತುಳಿದು ಅವಳ ಕಾಲು ಬಾತಾಗ ಮನ್ಮಥಪ್ಪ ಪಕ್ಕದಲ್ಲಿ ಕೂತು ಎಡಗೈಯಿಂದ ಚಕ್ರ ತಿರುಗಿಸುತ್ತಿದ್ದ.

ಯಂತ್ರವನ್ನು ಕಂತಿನ ಮೇಲೆ ಕೊಡಿಸಿದವನು ರೇವಣಪ್ಪ. ಪೇಟೆಯ ದೊಡ್ಡ ಅಂಗಡಿಯೊಂದರ ಏಜೆಂಟ. ಬೀದರಿನ ಭಾಲ್ಕಿಯವನು, ಇವರ ಊರ ಕಡೆಯವನೇ. ಅವನು ತಂದ ಫಾರ್ಮು ನಾಲ್ಕು ಪುಟ ಇತ್ತು, ಎಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ.

"ಇದರಾಗ ಏನ್ ಬರದದರಿ, ಅಣ್ಣಾ?" ಎಂದು ಸಂಗಮ್ಮ ಕೇಳಿದ್ದಳು.

"ಎಲ್ಲಾರಿಗೂ ಇದೇ ಫಾರ್ಮ್, ತಂಗಿ. ಓದಕೋತ ಕೂತ್ರ ಸಂಜಿ ಆಗ್ತದ. ನಾ ಇದ್ದೀನಲ್ಲ? ಸಹಿ ಮಾಡು."

ಅವಳು ಮಾಡಿದಳು. ಎರಡು ವರ್ಷದ ಕಂತು. ಒಂದು ತಿಂಗಳೂ ತಪ್ಪಿಸಲಿಲ್ಲ.

ಇನ್ನು ಎರಡೇ ಕಂತು ಉಳಿದಿದ್ದಾಗ ಅವರು ಬಾಡಿಗೆಗಿದ್ದ ಚಾಳಿನ ಮಾಲೀಕ ಖೋಲಿ ಖಾಲಿ ಮಾಡಿ ಅಂದ. ಎರಡು ಓಣಿ ಆಚೆ ಬೇರೆ ಖೋಲಿ ಸಿಕ್ಕಿತು. ಸಾಮಾನು ಸಾಗಿಸುವ ದಿನವೇ ರೇವಣಪ್ಪ ಕಂತಿಗೆ ಬಂದ. ಮನ್ಮಥಪ್ಪನಿಂದ ಭಾರ ಎತ್ತಲಾಗದು ಎಂದು ತಾನೇ ಅಂಗಿಯ ತೋಳು ಮಡಚಿ ಯಂತ್ರದ ಒಂದು ಬದಿ ಹಿಡಿದ. ಇನ್ನೊಂದು ಬದಿ ಸಂಗಮ್ಮ. ಹೊಸ ಖೋಲಿಯಲ್ಲಿ ಕಿಟಕಿಯ ಕೆಳಗೆ ಅವನೇ ಇಟ್ಟ. ಅಲುಗಾಡದಂತೆ ಕಾಲಿನಡಿ ಕಟ್ಟಿಗೆಯ ಚೂರು ಕೊಟ್ಟ.

"ಇಲ್ಲಿ ಬೆಳಕ ಛಲೋ ಅದ, ತಂಗಿ," ಅಂದ. ಚಹಾ ಕುಡಿದು ಹೋದ.

ಹನ್ನೆರಡು ದಿನ ಕಳೆದು ಕೈಗಾಡಿಯೊಂದಿಗೆ ಇಬ್ಬರು ಹಮಾಲರು ಬಂದರು. ಜೊತೆಗೆ ಅಂಗಡಿಯ ಗುಮಾಸ್ತ. ರೇವಣಪ್ಪ ಗಾಡಿಯ ಹಿಂದೆ ನಿಂತಿದ್ದ. ಗುಮಾಸ್ತ ಫಾರ್ಮಿನ ಮೂರನೆಯ ಪುಟದ ಮೇಲೆ ಬೆರಳಿಟ್ಟು ಮರಾಠಿಯಲ್ಲಿ ಹೇಳಿದ. ಹದಿನಾಲ್ಕನೆಯ ಕಲಮು. ಅಂಗಡಿಯ ಲಿಖಿತ ಒಪ್ಪಿಗೆ ಇಲ್ಲದೆ ಯಂತ್ರದ ಜಾಗ ಬದಲಿಸಿದರೆ ಅಂಗಡಿಯವರು ಯಂತ್ರ ಒಯ್ಯಬಹುದು. ಕಟ್ಟಿದ ಕಂತು ವಾಪಸು ಸಿಗದು.

ಸಂಗಮ್ಮ ನಕ್ಕೇಬಿಟ್ಟಳು. ಏನೋ ತಪ್ಪು ತಿಳಿದಿದ್ದಾರೆ ಅಂದುಕೊಂಡಳು.

"ಅಣ್ಣಾ, ನೀವೇ ಹೊತ್ತು ತಂದಿರಿ. ಇವರಿಗಿ ಹೇಳ್ರಿ."

ರೇವಣಪ್ಪ ಗಾಡಿಯ ಹಗ್ಗ ಬಿಚ್ಚತೊಡಗಿದ.

"ಜಾಗಾ ಬದಲಿ ಆಗ್ಯಾದಂತ ಇವರಿಗಿ ಯಾರು ಹೇಳ್ಯಾರ?" ಮನ್ಮಥಪ್ಪ ಕೇಳಿದ.

ರೇವಣಪ್ಪ ಗಾಡಿಯ ಚಕ್ರ ನೋಡುತ್ತಿದ್ದ. ಸಂಗಮ್ಮನ ನಗು ಅಲ್ಲಿಗೆ ನಿಂತಿತು.

ಸೂಜಿಯ ಕೆಳಗೆ ಯಾರದೋ ಅರ್ಧ ಹೊಲಿದ ರವಿಕೆ ಇತ್ತು. ಹಮಾಲರು ಎತ್ತುವಾಗ ಅದೂ ಜೊತೆಗೆ ಎದ್ದಿತು. "ತಡೀರಿ, ದಾರ ಕತ್ತರಿಸ್ತೀನಿ," ಎಂದು ಅವಳು ಕತ್ತರಿ ಹುಡುಕಿದಳು. ಸಿಗಲಿಲ್ಲ. ಕೊನೆಗೆ ಹಲ್ಲಿನಿಂದ ಕಡಿದಳು.

ಮರುದಿನ ಅವಳು ಅಂಗಡಿಗೆ ಹೋದಳು. "ಸಹಿ ನಿನ್ನದೇ ತಾನೆ?" ಎಂದಷ್ಟೇ ಮ್ಯಾನೇಜರು ಕೇಳಿದ. ಅವಳ ಯಂತ್ರಕ್ಕೆ ಎಣ್ಣೆ ಹಚ್ಚಿ, ಒರೆಸಿ ಅಂಗಡಿಯ ಮುಂಭಾಗದಲ್ಲಿ ಮಾರಾಟಕ್ಕೆ ಇಟ್ಟಿದ್ದರು.

ಹೊಸ ಖೋಲಿಯಿದ್ದ ಚಾಳಿನಲ್ಲಿ ಇನ್ನೂ ಏಳು ಮನೆಗಳಲ್ಲಿ ಅದೇ ಅಂಗಡಿಯ ಯಂತ್ರಗಳಿದ್ದವು. ನೆರೆಮನೆಯ ರುಕ್ಮಿಣಿಬಾಯಿ ತನ್ನ ಫಾರ್ಮು ಹಿಡಿದು ಬಂದಳು. ಉಳಿದವರೂ ಬಂದರು. ಉಡುಪಿ ಹೊಟೇಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಸುಧಾಕರನಿಗೆ ಇಂಗ್ಲಿಷು ಬರುತ್ತಿತ್ತು. ರವಿವಾರ ಅವನು ಕಟ್ಟೆಯ ಮೇಲೆ ಕೂತು ಒಂದೊಂದೇ ಕಲಮು ಓದಿ ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದ. ಯಂತ್ರ ಕೆಟ್ಟರೆ ಹೊಣೆ ಕೊಂಡವರದು. ಒಂದು ಕಂತು ತಡವಾದರೆ ಅಂಗಡಿಯವರು ಬೀಗ ಒಡೆದು ಒಳಗೆ ಬರಬಹುದು. ಜಗಳ ಬಂದರೆ ಮುಂಬಯಿಯ ಕೋರ್ಟಿಗೇ ಹೋಗಬೇಕು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಅಂಗಡಿಯವರು ತಪ್ಪಿದ್ರ ಏನಂತ ಬರದದ?" ರುಕ್ಮಿಣಿಬಾಯಿ ಕೇಳಿದಳು.

ಸುಧಾಕರ ಪುಟ ತಿರುವಿದ, ಮತ್ತೆ ತಿರುವಿದ. "ಅದು ಎಲ್ಲೂ ಇಲ್ಲ, ಬಾಯಿ."

ತಿಂಗಳ ಮೊದಲ ದಿನ ರೇವಣಪ್ಪ ಚೀಲ ಹಿಡಿದು ಬಂದ. ಏಳು ಬಾಗಿಲಲ್ಲೂ ಒಂದೇ ಮಾತು: ಸಂಗಮ್ಮನ ಯಂತ್ರ ತರ್ರಿ, ಆ ಕಲಮು ಹೊಡದ ಹಾಕ್ರಿ, ಆಮ್ಯಾಲ ಕಂತು.

"ನಾ ಬರದಿದ್ದಲ್ಲವ್ವಾ ಅದು," ಅವನು ಅಂಗಳದಲ್ಲಿ ನಿಂತು ಗೋಗರೆದ. "ನಾನೂ ನೌಕರ. ಅಚ್ಚು ಹಾಕಿದವರು ಬ್ಯಾರೆ."

ಸಂಗಮ್ಮ ಹೊಸ್ತಿಲು ದಾಟಿ ಅವನ ಮುಂದೆ ಬಂದು ನಿಂತಳು.

"ಅಚ್ಚು ಹಾಕಿದವರು ನನ್ನ ಮಾರಿ ನೋಡಿಲ್ಲರಿ, ಅಣ್ಣಾ. ನೀವು ನೋಡಿದ್ರಿ."