ಸರ್ವಮಂಗಳಾಳ ಎಡಗಾಲು

ಹನುಮಂತನಗರದಲ್ಲಿ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ನನ್ನದು. ೧೯೮೨ರಲ್ಲಿ ನೀಲಗಂಗಮ್ಮನವರ ಮಗಳು ಸರ್ವಮಂಗಳಾ ಹೆತ್ತ ಹನ್ನೆರಡನೇ ದಿನ ಬೆಳಿಗ್ಗೆ ಕೋಣೆಗೆ ಹೋದರೆ, ಹುಡುಗಿ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು.

"ಶೀತ ಕಣೇ ಗೋವಿಂದಮ್ಮ," ಎಂದರು ನೀಲಗಂಗಮ್ಮ. "ಕಿಟಕಿ ತೆಗೆದಿದ್ಲು. ಎದೆಗೆ, ಕಾಲಿಗೆ ಗಟ್ಟಿಯಾಗಿ ತಿಕ್ಕು, ಬಿಡುತ್ತೆ."

ಆ ಮನೆಯಲ್ಲಿ ಬಾಣಂತಿ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ನೀರು ದಿನಕ್ಕೆ ಎರಡೇ ಲೋಟ.

ಎಣ್ಣೆ ಮುಟ್ಟುವ ಮೊದಲು ನಾನು ಎರಡು ಕಾಲನ್ನೂ ಜೊತೆಗಿಟ್ಟು ನೋಡುತ್ತೇನೆ. ಯಾರೂ ಹೇಳಿಕೊಟ್ಟದ್ದಲ್ಲ. ಎಷ್ಟೋ ವರ್ಷದ ಹಿಂದೆ ಚಿಕ್ಕಲಸಂದ್ರದಲ್ಲಿ ಒಬ್ಬಳ ಊದಿದ ಮೀನಖಂಡವನ್ನು ಮನೆಯವರು ಹೇಳಿದರೆಂದು ಚೆನ್ನಾಗಿ ತಿಕ್ಕಿದ್ದೆ. ಬಚ್ಚಲಿಂದ ಆಚೆ ಬಂದವಳು ಎದೆ ಹಿಡಿದುಕೊಂಡು ಬಿದ್ದಳು, ಮತ್ತೆ ಏಳಲಿಲ್ಲ.

ಸರ್ವಮಂಗಳಾಳ ಎಡಗಾಲು ದಪ್ಪಗಿತ್ತು, ಮುಟ್ಟಿದರೆ ಬಿಸಿ. ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ನಾನು ತಿಕ್ಕಲ್ಲ ಅಮ್ಮಾವ್ರೇ. ಆಟೋ ಕರೆಸಿ, ಆಸ್ಪತ್ರೆಗೆ ಹೋಗೋಣ."

"ಹಸಿ ಬಾಣಂತೀನ ಬೀದಿ ಗಾಳಿಗೆ ಇಳಿಸ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?"

"ಕೆಟ್ಟಿದೆ ಅಂತಾನೇ ಇಟ್ಕೊಳ್ಳಿ. ಕಿವಿಗೆ ಹತ್ತಿ ಇಟ್ಟು ಹೊದಿಸ್ಕೊಂಡು ಬನ್ನಿ."

ನೀಲಗಂಗಮ್ಮ ಗೊಣಗುತ್ತಲೇ ಮಗಳನ್ನು ಆಟೋ ಹತ್ತಿಸಿದರು. ಜಯನಗರದ ನರ್ಸಿಂಗ್ ಹೋಮಿನಲ್ಲಿದ್ದ ಡಾಕ್ಟರ್ ಪರಮಶಿವಯ್ಯ ನನ್ನ ಮಗನ ವಯಸ್ಸಿನವರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು.

"ಶ್ವಾಸಕೋಶ ಚೆನ್ನಾಗಿದೆ. ಮೊದಲ ಹೆರಿಗೆ ನೋಡಿ, ಹೆದರಿಕೆಗೆ ಹೀಗಾಗುತ್ತೆ."

ನೀಲಗಂಗಮ್ಮ ನನ್ನನ್ನು ದುರುಗುಟ್ಟಿ ನೋಡಿದರು. ಸುಮ್ಮನಿದ್ದರೆ ಅವಳನ್ನು ವಾಪಸ್ಸು ಕರೆದೊಯ್ದು ಕಾಲು ತಿಕ್ಕಿಸುತ್ತಾರೆ. ಚಿಕ್ಕಲಸಂದ್ರದವಳ ಹಾಗೆ ಇವಳೂ ಹೋಗುತ್ತಾಳೆ.

"ಸಾರ್," ಎಂದೆ, "ಹೆದರಿಕೆಗೆ ಒಂದೇ ಕಾಲು ಊದ್ಕೊಳ್ಳುತ್ತಾ?"

ಡಾಕ್ಟರ್ ಹೊದಿಕೆ ಸರಿಸಿದರು. ಟೇಪು ತರಿಸಿ ಎರಡು ಮೀನಖಂಡಗಳನ್ನೂ ಅಳೆದರು, ನಂಬಿಕೆ ಬರದೆ ಇನ್ನೊಮ್ಮೆ ಅಳೆದರು. ಎಡಗಾಲು ನಾಲ್ಕು ಸೆಂಟಿಮೀಟರ್ ಹೆಚ್ಚಿತ್ತು. ಇಸಿಜಿ ತೆಗೆಸಿ, ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನೀಲಗಂಗಮ್ಮನವರ ಕಡೆ ತಿರುಗಿದರು.

"ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿರೋ ಅನುಮಾನ ಇದೆ ಅಮ್ಮ. ಎಕ್ಸ್‌ರೇಲಿ ಕಾಣದೇ ಇರಬಹುದು. ಖಚಿತ ಮಾಡ್ಕೊಳ್ಳೋ ಯಂತ್ರ ನಮ್ಮಲ್ಲಿಲ್ಲ, ಕಾಯೋಕೆ ಟೈಮೂ ಇಲ್ಲ. ಈಗಲೇ ಔಷಧಿ ಶುರು ಮಾಡ್ತೀನಿ."

"ಕಾಲು ತಿಕ್ಕಿದ್ರೆ?" ಎಂದರು ನೀಲಗಂಗಮ್ಮ, ಸಣ್ಣ ದನಿಯಲ್ಲಿ.

"ತಿಕ್ಕಿದ್ರೆ ಇನ್ನೊಂದು ಚೂರು ಹೊರಡೋದು."

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧಿ ಹನಿಹನಿಯಾಗಿ ಇಳಿಯಿತು. ಎರಡು ದಿನ ನೀಲಗಂಗಮ್ಮ ನನ್ನ ಜೊತೆ ಮಾತಾಡಲಿಲ್ಲ, ಆಸ್ಪತ್ರೆಯಿಂದ ನನ್ನ ಮನೆಗೆ ಹೋಗಲೂ ಬಿಡಲಿಲ್ಲ. ಮೂರನೇ ದಿನ ಸರ್ವಮಂಗಳಾ ಒಂದೇ ಉಸಿರಿಗೆ ತಾಯಿಯನ್ನು ಬೈದಳು: "ಮಗೂನ ಯಾರ ಹತ್ರ ಬಿಟ್ಟು ಬಂದು ಇಲ್ಲಿ ಕೂತಿದ್ಯಮ್ಮಾ?" ಆ ಬೈಗುಳ ಕೇಳಿ ನೀಲಗಂಗಮ್ಮ ಅತ್ತರು, ನನ್ನ ಎರಡೂ ಕೈ ಹಿಡಿದುಕೊಂಡರು.

ಆ ಮಧ್ಯಾಹ್ನ ಡಾಕ್ಟರ್ ಇಬ್ಬರು ನರ್ಸುಗಳನ್ನು ಜೊತೆಗೆ ಕರೆತಂದರು. ತಾವೇ ಕುರ್ಚಿ ಎಳೆದು ನನ್ನ ಮುಂದಿಟ್ಟರು.

"ಕೂತ್ಕೊಳ್ಳಿ ಗೋವಿಂದಮ್ಮ. ಬಾಣಂತಿ ಕಾಲು ಹೇಗೆ ನೋಡ್ತೀರಿ, ಇವರಿಗೂ ಹೇಳಿ. ನನಗೂ ಹೇಳಿ."

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ನನ್ನನ್ನು ಹೀಗೆ ಕೂರಿಸಿ ಕೇಳಿರಲಿಲ್ಲ. ಸೆರಗು ಸರಿ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತೆ.