ಒಂದೇ ಕಿವಿಯ ಫೋಟೋ

“ಎರಡೂ ಕಿವಿ ಕಾಣ್ಬೇಕು ಮಾರಾಯ್ರೆ,” ಎಂದು ಗುಣವತಿ ಮೂರನೆಯ ಸಲ ಹೇಳಿದರು. “ಒಂದೇ ಕಂಡ್ರೆ ಹುಡುಗಿಗೆ ಕಿವಿ ಕೇಳುದಿಲ್ಲ ಅಂತ ತಿಳ್ಕೊಳ್ತಾರೆ ಜನ.”

ಕಮಲಾಕರ ಹೂಂ ಎಂದ. ಮೈಲಾಪೂರಿನ ಈ ಸ್ಟುಡಿಯೋದಲ್ಲಿ ಹನ್ನೆರಡು ವರ್ಷಗಳಿಂದ ಅವನು ತೆಗೆದದ್ದೆಲ್ಲ ಎರಡು ಕಿವಿಯ ಮುಖಗಳನ್ನೇ. ಎದುರಿಗೆ ಎರಡು ದೀಪ. ಮೂಗಿನ ಕೆಳಗೆ ನೆರಳು ಬೀಳಕೂಡದು. ಆಮೇಲೆ ನೆಗೆಟಿವ್ ಮೇಲೆ ಸೀಸದ ಕಡ್ಡಿ ಆಡಿಸಿದರೆ ಮೊಡವೆ, ಸುಕ್ಕು, ವಯಸ್ಸು ಎಲ್ಲ ಮಾಯ. ಇದೇ ಗುಣವತಿ ಮತ್ತು ಹೋಟೆಲಿನ ಮಧ್ವರಾಜರ ಮಗಳು ಸರಸಳ ಕೆನ್ನೆಯ ಸಿಡುಬಿನ ಕಲೆಗಳನ್ನು ಒಂದೊಂದಾಗಿ ತುಂಬಿ ನುಣುಪು ಮಾಡಿದವನೂ ಅವನೇ. ಆ ಫೋಟೋ ಎಷ್ಟು ಚೆಂದ ಬಂದಿತ್ತೆಂದರೆ ಎರಡು ವರ್ಷದಿಂದ ಅಂಗಡಿ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಅದೇ ಕೂತಿತ್ತು.

ಅದೇ ಫೋಟೋ ಎರಡು ಸಂಬಂಧ ತಂದಿತ್ತು, ಎರಡನ್ನೂ ಮುರಿದಿತ್ತು. ಎರಡನೆಯ ಸಲ ಬಂದ ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, ಫೋಟೋದ ಹುಡುಗಿ ಒಳಗಿದ್ದಾಳಾ, ಕರೆಯಿರಿ ಎಂದರಂತೆ. ಸರಸ ಅವರೆದುರೇ ನಿಂತಿದ್ದಳು. ಸಿಡುಬು ಬಂದಾಗಲೂ ಅವಳ ಮೈ ಹಾಗೆ ಉರಿದಿರಲಿಲ್ಲ. ಕಲೆ ತಾನು ಮಾಡಿಕೊಂಡದ್ದಲ್ಲ, ಆದರೆ ಮೋಸ ಮಾಡಿದವಳೆಂಬ ಹೆಸರು ತನಗೇ ಬಂತಲ್ಲ! ಈಗ ಮೂರನೆಯದು ಬೊಂಬಾಯಿಯ ಸಂಬಂಧ. ಹಳೆಯ ಫೋಟೋದ ಗಳಿಗೆ ಸರಿಯಿಲ್ಲ, ಹೊಸದು ತೆಗೆಸೋಣ ಎಂದು ಗುಣವತಿ ಮಗಳನ್ನು ಬೆಳಿಗ್ಗೆಯೇ ಕರೆತಂದಿದ್ದರು. ಹೊಸದು ಅಂದರೆ ಸೀರೆ ಹೊಸದು, ಅಷ್ಟೆ.

ಕಮಲಾಕರ ಫಿಲ್ಮು ಹಾಕುತ್ತಿದ್ದಾಗ ಸರಸ ಮೂಲೆಯ ಗೋಡೆಯ ಚಿತ್ರವೊಂದರ ಮುಂದೆ ನಿಂತಳು. ಎಣ್ಣೂರಿನ ಕಡಲತೀರದ ಮರಳು. ಮನುಷ್ಯರಿಲ್ಲ, ದೋಣಿಯಿಲ್ಲ, ಬರೀ ಅಲೆಯ ಗೀರು, ಏಡಿಯ ಕುಳಿ, ಒಂದೊಂದಕ್ಕೂ ಒಂದೊಂದು ಕಪ್ಪು ನೆರಳು. ಭಾನುವಾರಗಳಲ್ಲಿ ಅವನು ಮರಳಿನ ಮೇಲೆ ಬೋರಲು ಮಲಗಿ ತೆಗೆದು ತರುವ ಇಂಥ ಚಿತ್ರಗಳನ್ನು ಯಾರೂ ಕೇಳುತ್ತಿರಲಿಲ್ಲ. ಮಣ್ಣಿಗೆ ಯಾರಾದರೂ ಫಿಲ್ಮು ಸುರಿಯುತ್ತಾರಾ ಎಂದು ಹೆಂಡತಿ ಜಯಲಕ್ಷ್ಮೀ ಬಯ್ಯುತ್ತಿದ್ದಳು.

ಒಂದೊಂದು ಕುಳಿಯೂ ಹೇಗೆ ಇಷ್ಟು ಚೆನ್ನಾಗಿ ಕಾಣುತ್ತದೆ ಎಂದು ಸರಸ ಕೇಳಿದಳು. ಕೇಳುವವರು ಸಿಕ್ಕಿದರಲ್ಲ, ಕಮಲಾಕರ ಹಿಗ್ಗಿಹೋದ. ನಡುಮಧ್ಯಾಹ್ನ ಮರಳು ಚಪ್ಪಟೆ, ಅದರಲ್ಲಿ ಜೀವವೇ ಇರುವುದಿಲ್ಲ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಂದಾಗ, ಕ್ಯಾಮರಾವನ್ನೂ ನೆಲಕ್ಕಿಳಿಸಿ ನೋಡಬೇಕು ಎಂದೆಲ್ಲ ವಿವರಿಸಿದ. “ಕಲೆ ಅಂದ್ರೆ ಇದಮ್ಮಾ,” ಎಂದ.

ಸರಸ ತಿರುಗಿ ನಿಂತಳು. “ನನ್ನ ಮುಖದಲ್ಲಿರುದೂ ಕಲೆಯೇ ಅಲ್ವಾ ಮಾಮ? ಹಾಗೇ ತೆಗೀರಿ.”

ಗುಣವತಿಗೆ ಸಿಟ್ಟು ನೆತ್ತಿಗೇರಿತು. ಹುಚ್ಚು ಹಿಡಿದಿದೆಯೇ, ಇದನ್ನು ನೋಡಿ ಯಾರು ಬರುತ್ತಾರೆ ಎಂದರು. ಬಂದವರು ನೋಡಿಕೊಂಡೇ ಬಂದಿರುತ್ತಾರೆ, ಬಾರದವರು ಅಲ್ಲೇ ಇರಲಿ ಎಂದಳು ಮಗಳು. ಕಮಲಾಕರ ಲೆಕ್ಕ ಹಾಕಿದ. ಗುಣವತಿ ಮುನಿಸಿಕೊಂಡು ಹೋಗಿ ನಾಲ್ಕು ಮನೆಯಲ್ಲಿ ಬಾಯಿಬಿಟ್ಟರೆ ಮುಂದೆ ಒಬ್ಬ ತಾಯಿಯೂ ಇಲ್ಲಿಗೆ ಹೆಣ್ಣುಮಕ್ಕಳನ್ನು ಕರೆತರುವುದಿಲ್ಲ. ಆದರೆ ಮೇಜಿನ ಮೇಲಿದ್ದ ಸೀಸದ ಕಡ್ಡಿ ಕಣ್ಣಿಗೆ ಬಿದ್ದು ಅವನಿಗೆ ನಾಚಿಕೆಯಾಯಿತು. ಫೋಟೋದ ಹುಡುಗಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನು ತಾನಾಗಿದ್ದ.

ಎರಡೂ ದೀಪ ಆರಿಸಿದ. ವರ್ಷಗಟ್ಟಲೆ ಮುಚ್ಚಿದ್ದ ಪೂರ್ವದ ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಬಡಿದು ತೆಗೆದ. ಬಿಸಿಲು ಸರಸಳ ಒಂದು ಕೆನ್ನೆಯನ್ನು ಸವರಿಕೊಂಡು ಬಂತು, ಒಂದೊಂದು ಕುಳಿಯೂ ಎದ್ದು ಕಂಡಿತು. ಕ್ಯಾಮರಾದ ಕಾಲು ಮಡಚಿ ಅವನು ನೆಲದ ಮೇಲೇ ಕೂತ. ಮದುವೆ ಫೋಟೋ ಅಂದರೆ ಕಣ್ಣು ಕೊಂಚ ತಗ್ಗಿಸಮ್ಮಾ ಎನ್ನುವುದು ಅವನ ರೂಢಿ. ಇವತ್ತು ತಾನೇ ಕೆಳಗಿದ್ದ, ಅವಳಿಗೆ ನನ್ನನ್ನೇ ನೋಡು ಎಂದ.

“ಆಚೆ ಕಿವಿ ಕತ್ತಲೆಗೆ ಹೋಯ್ತಲ್ಲ,” ಎಂದರು ಗುಣವತಿ.

“ಹೋಗ್ಲಿ ಅಮ್ಮ,” ಎಂದಳು ಸರಸ, ಅಲುಗಾಡದೆ. “ಜನರ ಮಾತು ಕೇಳಿ ಕೇಳಿ ಆ ಕಿವಿಗೆ ಸಾಕಾಗಿದೆ.”

ಕಮಲಾಕರ ಕ್ಲಿಕ್ ಮಾಡಿದ.

ಮೂರನೆಯ ದಿನ ಪ್ರಿಂಟು ನೋಡಿ ಗುಣವತಿ ಮೆತ್ತಗೆ, ಸ್ವಲ್ಪ ಕಡ್ಡಿ ಆಡಿಸಿ ಎಂದು ಬೇಡಿಕೊಂಡರು.

“ಇದಕ್ಕೆ ಕಡ್ಡಿ ಮುಟ್ಟಿಸೋಲ್ಲಮ್ಮಾ,” ಎಂದ ಕಮಲಾಕರ. “ಬೇಕಾದ್ರೆ ಬೇರೆ ಸ್ಟುಡಿಯೋ ನೋಡ್ಕೊಳ್ಳಿ.”

ಅಷ್ಟರಲ್ಲಿ ಸರಸ ಒಂದು ಪ್ರಿಂಟನ್ನು ಬೊಂಬಾಯಿಯ ವಿಳಾಸದ ಲಕೋಟೆಗೆ ಹಾಕಿ ಅಂಟಿಸಿಯಾಗಿತ್ತು. ರಸ್ತೆ ದಾಟಿ ಅಂಚೆ ಡಬ್ಬಿಗೆ ಹಾಕಿದಳು. ಒಳಗೆ ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿಯೂ ನೋಡಿದಳು.

ಇತ್ತ ಕಮಲಾಕರ ಗಾಜಿನ ಪೆಟ್ಟಿಗೆಯಿಂದ ಹಳೆಯ ಫೋಟೋ ತೆಗೆದು ಹೊಸದನ್ನು ಇಟ್ಟ. ಗುಣವತಿ ಅದರ ಮುಂದೆ ಬಂದು ನಿಂತರು. ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆಮಾಡಿ, ಗಾಜಿನ ಮೇಲೆ, ಮಗಳ ಕೆನ್ನೆ ಇದ್ದ ಕಡೆ ಒರೆಸಿದರು. ಮತ್ತೊಮ್ಮೆ ಒರೆಸಿದರು. ಧೂಳು ಹೋಯಿತು, ಕುಳಿಗಳು ಇನ್ನೂ ಸ್ಪಷ್ಟವಾಗಿ ಕಂಡವು. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ಅವರು ಗಾಜನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಒರೆಸತೊಡಗಿದರು.