ಸೀಮೆಸುಣ್ಣದ ಚಂದ್ರ

ವಿಜ್ಞಾನ ಪ್ರದರ್ಶನಕ್ಕೆಂದು ಆರನೇ ತರಗತಿಯ, ಎಲ್ಲರೂ ಕಡ್ಡಿ ಎಂದು ಕರೆಯುವ ಹುಡುಗಿ ಮಾಡಿದ ಚಂದ್ರನ ಮೇಲೆ ಶಾಲೆಯ ಅಧ್ಯಕ್ಷರ ಮೊಮ್ಮಗಳ ಹೆಸರಿನ ಚೀಟಿ ಅಂಟಿಸಲಾಯಿತು. ಅಂಟಿಸಿದವರು ಮುಖ್ಯೋಪಾಧ್ಯಾಯಿನಿ. ಗೋಂದು ತಂದುಕೊಟ್ಟವಳು ಕಡ್ಡಿಯ ತಾಯಿ, ಅದೇ ಶಾಲೆಯ ಆಯಾ.

ಹನ್ನೊಂದು ಕೋಣೆಗಳ ಕರಿಹಲಗೆಯ ಕೆಳಗೆ ಉದುರಿದ ಸೀಮೆಸುಣ್ಣದ ಪುಡಿಯನ್ನು ಆಯಾ ಮೂರು ತಿಂಗಳು ಗುಡಿಸಿ ಕೂಡಿಟ್ಟಿದ್ದಳು. ಬಾಡಿಗೆಯ ಒಂದೇ ಕೋಣೆಯಲ್ಲಿ ತಾಯಿ ಮಗಳು ಅದನ್ನು ಹಳೇ ಬಟ್ಟೆಯಲ್ಲಿ ಸೋಸಿ, ತಗಡಿನ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಹರಡಿದರು. ಮೇಲೆ ಇಟ್ಟಿಗೆ ಪುಡಿಯ ತೆಳು ಪದರ. ಕಡ್ಡಿ ಸ್ಟೂಲು ಹತ್ತಿ ಸೈಕಲ್ ಬೇರಿಂಗಿನ ಕಬ್ಬಿಣದ ಗುಂಡು ಬಿಟ್ಟಳು. ಕೆಂಪು ಸೀಳಿ ಬಿಳಿ ಗೆರೆಗಳು ಸುತ್ತಲೂ ಚಿಮ್ಮಿದವು.

"ಚಂದ್ರನ ಮೇಲೆ ಗುಳಿ ಬಿದ್ದಿದ್ದೂ ಹೀಗೇನೇ ಅಮ್ಮ. ಅಲ್ಲಿ ಗಾಳಿ ಇಲ್ಲ. ಬಿದ್ದಿದ್ದು ಬಿದ್ದ ಹಾಗೇ ಇರುತ್ತೆ."

"ಗುಡಿಸೋ ಕೆಲಸಾನೇ ಇಲ್ಲ ಅನ್ನು. ಪುಣ್ಯವಂತರ ಊರು ಕಣೇ!"

ಮೊಣಕಾಲೆತ್ತರ, ಸೊಂಟದೆತ್ತರ, ಹೆಗಲೆತ್ತರ. ಒಂದೊಂದು ಎತ್ತರದಿಂದಲೂ ಮೂರು ಸಲ ಬಿಟ್ಟು, ಗುಳಿಯ ಅಗಲ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು. ಪ್ರತಿ ಸಲವೂ ತಾಯಿ ಕೆಂಪು ಪುಡಿ ಕೆರೆದು ತೆಗೆದು ತಟ್ಟೆಯನ್ನು ಮತ್ತೆ ಸಮ ಮಾಡಿದಳು.

"ಕಡ್ಡಿಗೆ ನಾಲ್ಕು ಜನರ ಮುಂದೆ ಬಾಯಿ ಬರಲ್ಲ" ಎಂಬುದು ಚೀಟಿಯಲ್ಲಿ ಬೇರೆ ಹೆಸರು ಹಾಕಿದ್ದಕ್ಕೆ ಮುಖ್ಯೋಪಾಧ್ಯಾಯಿನಿ ಕೊಟ್ಟ ಕಾರಣ. ಬಾಯಿ ಬರದವಳು ಮನೆಯಲ್ಲಿ ಸೂರ್ಯಮಂಡಲವನ್ನೇ ಒದರುತ್ತಿದ್ದಳು. ಆದರೂ ಆಯಾ ಗೋಂದು ತಂದುಕೊಟ್ಟಿದ್ದಳು. ಅವಳ ಕೆಲಸ, ಮಗಳ ಸೀಟು, ಎರಡೂ ಒಂದೇ ಕೈಯಲ್ಲಿದ್ದವು. ಕಡ್ಡಿ ಅಳಲೂ ಇಲ್ಲ. ಅಂದಿನಿಂದ ಆಕಾಶದ ಸುದ್ದಿ ಎತ್ತುವುದನ್ನೇ ಬಿಟ್ಟಳು.

ಪ್ರದರ್ಶನದ ದಿನ ಅವಳನ್ನು ತರಗತಿಯಲ್ಲೇ ಕೂರಿಸಿದ್ದರು. ಸಭಾಂಗಣದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತೀರ್ಪುಗಾರರು. ಅವರು ತಟ್ಟೆಯ ಮುಂದೆ ಬಗ್ಗಿದರು.

"ಇದು ಏನ್ ಪುಡಿ ಮಗು?"

"ಮೈದಾ" ಎಂದಳು ಮೊಮ್ಮಗಳು.

ಮೇಷ್ಟ್ರು ಚಿಟಿಕೆ ತೆಗೆದು ಉಜ್ಜಿ ನೋಡಿದರು. "ಮೈದಾ ಅಂತೀಯಾ? ಸರಿ, ಎತ್ತರ ಹೆಚ್ಚಾದ್ರೆ ಗುಳಿ ಎಷ್ಟು ಅಗಲ ಆಗುತ್ತೆ? ಅಳತೆ ಬರೆದ ಪುಸ್ತಕ ಎಲ್ಲಿ?"

ಹುಡುಗಿ ತುಟಿ ಕಚ್ಚಿಕೊಂಡಳು. ಅವಳದೇನು ತಪ್ಪು, ಪಾಪ! ಗುಂಡನ್ನು ಹಿಡಿದಿದ್ದೇ ಆವತ್ತು.

"ಒಂದು ಸುತ್ತು ಹಾಕಿ ಬರ್ತೀನಿ. ಪುಸ್ತಕ ತೆಗೆದಿಟ್ಟಿರು" ಎಂದು ಮೇಷ್ಟ್ರು ಮುಂದಿನ ಮೇಜಿಗೆ ಸರಿದರು.

ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಧಾವಿಸಿದರು. ಅಲ್ಲಿ ಆಯಾ ಪೊರಕೆ ಹಿಡಿದು ನಿಂತಿದ್ದಳು.

"ಓಡು, ನಿನ್ನ ಮಗಳನ್ನ ಕರ್ಕೊಂಡು ಬಾ. ಪುಸ್ತಕ ತರಲಿ. ಪರದೆ ಹಿಂದೆ ಕೂತು ಮೆಲ್ಲಗೆ ಹೇಳಿಕೊಡಲಿ."

"ಮೇಜಿನ ಮುಂದೆ ನಿಲ್ಲಿಸ್ತೀರಾ ಮೇಡಂ?"

"ಇದೇನು ಚೌಕಾಸಿ ಮಾಡೋ ಹೊತ್ತಾ? ಹೋಗು ಅಂದ್ರೆ ಹೋಗು!"

"ಹಾಗಾದ್ರೆ ಕರೆಯಲ್ಲ."

"ಏನಂದೆ?"

"ಕರೆಯಲ್ಲ ಅಂದೆ."

"ತಲೆ ನೆಟ್ಟಗಿದೆಯಾ? ನಾಳೆಯಿಂದ ನೀನೂ ಇರಲ್ಲ, ಅವಳೂ ಇರಲ್ಲ. ಗೊತ್ತಾಯ್ತಾ?"

ಆಯಾ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಎರಡು ಮೇಜಿನಾಚೆ ಮೇಷ್ಟ್ರು ಹಿಂದಿರುಗಿ ಬರುತ್ತಿದ್ದರು.

"ಗೊತ್ತಾಯ್ತು" ಎಂದಳು. "ಮುಂದೆ ನಿಲ್ಲಿಸೋದಾದ್ರೆ ಈಗಲೇ ಓಡಿ ಹೋಗ್ತೀನಿ. ಪರದೆ ಹಿಂದಕ್ಕೆ ನನ್ನ ಮಗಳನ್ನ ನಾನು ಕರೆಯಲ್ಲ."